ಯಾವ ಪರ್ಸೋಂ, ಉಸ್ತಾದ್?

ಉಸ್ತಾದ್,

ಸಲಾಂ ಆಮೇಲೆ ಹೇಳುತ್ತೇನೆ, ಮೊದಲು ಜಗಳ ಮುಗಿಯಲಿ. ನೀವು ಹೋಗಿ ವರ್ಷವಾಯಿತು. ಈ ವರ್ಷದುದ್ದಕ್ಕೂ ಊರು ನಿಮ್ಮ ಬಗ್ಗೆ ಒಳ್ಳೆಯ ಮಾತನ್ನೇ ಆಡಿದೆ. ಮೆಹಬೂಬ್ ಉಸ್ತಾದನಂಥ ಲಾರಿ ಮಿಸ್ತ್ರಿ ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಇನ್ನೊಬ್ಬ ಹುಟ್ಟುವುದಿಲ್ಲವಂತೆ. ಹುಟ್ಟುವುದೇ ಬೇಡ ಬಿಡಿ. ಒಬ್ಬರ ಜೊತೆ ಇಪ್ಪತ್ತು ವರ್ಷ ದುಡಿದು ನಾನು ಅನುಭವಿಸುತ್ತಿರುವುದೇ ಸಾಕು.

ನಿಮ್ಮ ಗ್ಯಾರೇಜಿಗೆ ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಐಟಿಐ ಸರ್ಟಿಫಿಕೇಟು ಜೇಬಲ್ಲಿತ್ತು, ಜಂಭ ತಲೆಯಲ್ಲಿತ್ತು. ಲಾರಿಯ ಕೆಳಗೆ ಮಲಗಿದ್ದ ನೀವು ಕೈ ಚಾಚಿ "ಪಾನಾ ಕೊಡು" ಅಂದಿರಿ. ಕಣ್ಣಳತೆಯಲ್ಲಿ ಒಂದು ಸ್ಪ್ಯಾನರು ಎತ್ತಿ ಕೊಟ್ಟೆ. ನಟ್ಟು ಹದಿನೇಳರದು, ನಾನು ಕೊಟ್ಟ ಪಾನಾ ಹತ್ತೊಂಬತ್ತರದು. ನೀವು ತೆವಳಿಕೊಂಡು ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಿರಿ. "ಎಷ್ಟರದು ಅಂತ ಯಾಕ ಕೇಳಲಿಲ್ಲ? ಕಬ್ಬಿಣದ ಕೂಡ ಅಂದಾಜಿನ ಮಾತು ನಡ್ಯಾಂಗಿಲ್ಲ ಶಿವರಾಜಾ. ಅಂದಾಜಿನ ಬ್ರೇಕ್ ನಂಬಿ ಯಾರಾರ ಘಾಟ್ ಇಳೀತಾರೇನು? ನಂಬರ್ ಕೇಳು, ನಂಬರ್ ಹೇಳು." ಅಂದಿನಿಂದ ಇಂದಿನವರೆಗೆ ನಾನು ನಂಬರು ಕೇಳದೆ ಪಾನಾ ಮುಟ್ಟಿಲ್ಲ. ಹಾಗೆ ಕಲಿಸಿದ ನೀವು ನಿಮ್ಮ ವಿಷಯದಲ್ಲಿ ಮಾತ್ರ...

ದಿನದ ಮಾತು ಬಂದರೆ ನಿಮ್ಮ ಬಾಯಲ್ಲಿ ಇದ್ದದ್ದು ಒಂದೇ ಪದ: ಪರ್ಸೋಂ. ನಿಮ್ಮ ಉರ್ದುವಿನಲ್ಲಿ ಅದು ಮೊನ್ನೆಯೂ ಹೌದು, ನಾಡಿದ್ದೂ ಹೌದು. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ನಮ್ಮ ಕಡೆಯ ಮಂದಿಯ ಬಾಯಲ್ಲಿ ಆಗಿಹೋದ ಯಾವ ದಿನವೂ ಪರ್ಸೋಂ, ಬರಬೇಕಾದ ಯಾವ ದಿನವೂ ಪರ್ಸೋಂ. ಮೂವತ್ತು ವರ್ಷದ ಹಿಂದಿನ ನಿಮ್ಮ ಮದುವೆ ಪರ್ಸೋಂ ಆಗಿತ್ತು. ಗಾಡಿ ಯಾವಾಗ ಸಿಗುತ್ತದೆ ಎಂದು ಕೇಳಿದ ಹುಲಸೂರಿನ ಮಾಲೀಕನಿಗೂ "ಪರ್ಸೋಂ ಬರ್ರಿ." ಆತ ಮೂರು ಸಲ ಬಂದು ಬರಿಗೈಯಲ್ಲಿ ಹೋಗಿ ನಾಲ್ಕನೇ ಸಲ ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಾವ ಪರ್ಸೋಂ, ಉಸ್ತಾದ್?" ಅಂದಾಗ ಗ್ಯಾರೇಜೆಲ್ಲ ನಕ್ಕಿತ್ತು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ನಿಮಗೆ ಸಮುದ್ರದ ಹುಚ್ಚು ಹಿಡಿದದ್ದು ಆ ಮೀನಿನ ಲಾರಿಯಿಂದ, ಅಲ್ಲವೆ? ಕಾರವಾರದಿಂದ ಹೈದರಾಬಾದಿಗೆ ಹೊರಟದ್ದು ನಮ್ಮ ಬಾಗಿಲಲ್ಲಿ ಕೆಟ್ಟು ನಿಂತಿತ್ತು. ನೀವು ಚಾಸಿಯ ಕೆಳಗೆ ಬೆರಳು ಎಳೆದು ತುಕ್ಕು ನೋಡಿದಿರಿ, ಬ್ರೇಕ್ ಲೈನರ್ ಬಿಚ್ಚಿ ಮೂಸಿದಿರಿ. "ಉಪ್ಪಿನ ಗಾಳಿ ಉಂಡ ಗಾಡಿ ಇದು. ಕಾರವಾರಕ್ಕ ಹೋಗೂವಾಗ ಅರಬೈಲ್ ಘಾಟ್ ಬ್ರೇಕ್ ಮ್ಯಾಲೆ ಕಾಲಿಟ್ಟೇ ಇಳಿಸೀರಿ, ಗೇರಿನ್ಯಾಗ ಇಳಿಸಿಲ್ಲ. ಖರೇ ಹೇಳ್ರಿ," ಅಂದಿರಿ. ಡ್ರೈವರ್ ಬೆಪ್ಪಾಗಿ, "ನೀವು ಆ ಕಡೆ ಎಷ್ಟು ಸಲ ಬಂದೀರಿ?" ಎಂದು ಕೇಳಿದ. ನೀವು ಕೈ ಒರೆಸಿಕೊಳ್ಳುತ್ತ, "ಒಮ್ಮಿನೂ ಇಲ್ಲ," ಅಂದಿರಿ. ಸಾವಿರ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿ ಕರಾವಳಿಯನ್ನೂ ಘಟ್ಟವನ್ನೂ ಬಾಯಿಪಾಠ ಮಾಡಿದ ಮನುಷ್ಯ ಹುಮನಾಬಾದ್ ದಾಟಿ ಕಲಬುರಗಿಯ ಆಚೆ ಹೋಗಿರಲಿಲ್ಲ! "ಹೋಗೋಣ್ರಿ ಉಸ್ತಾದ್, ನಾವಿಬ್ಬರೂ," ಅಂದೆ. ಅಲ್ಲೇ ಇತ್ತು ನೋಡಿ ಎಡವಟ್ಟು.

ಗುಜರಿಯಿಂದ ಒಂದು ಜೀಪು ತಂದು ನಟ್ಟುಬೋಲ್ಟು ಬಿಡಿಸಿ ಜೋಡಿಸಿದೆವು. ಹಳೆಯ ಲಾರಿಯ ಬಾಗಿಲೊಂದನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ನೀವೇ ದಾರಿ ಬರೆದಿರಿ. ಹುಮನಾಬಾದ್, ಕಲಬುರಗಿ, ವಿಜಯಪುರ, ಬೆಳಗಾವಿ. ಅಲ್ಲಿಂದ ಜೋಯಿಡಾದ ಕಾಡು, ಅಣಶಿ ಘಾಟ್ ಇಳಿದು ಕಾರವಾರ. ಗೋಕರ್ಣದಲ್ಲಿ ಜೀಪು ನಿಲ್ಲಿಸಿ ಗುಡ್ಡ ಹತ್ತಿ ಇಳಿದು ಒಂದು ದಂಡೆಯಿಂದ ಇನ್ನೊಂದಕ್ಕೆ ನಡೆಯುವುದು. ಹೊನ್ನಾವರದಿಂದ ಗೇರುಸೊಪ್ಪೆಯ ಘಾಟ್ ಏರಿ ಜೋಗ, ಆಮೇಲೆ ಕೊಡಚಾದ್ರಿ ಕಾಲ್ನಡಿಗೆಯಲ್ಲಿ, ಕೊನೆಗೆ ಕುದುರೆಮುಖ. ಪ್ರತಿ ಹೆಸರಿನ ಪಕ್ಕ ನಿಮ್ಮ ಷರಾ ಬೇರೆ: "ಇಲ್ಲಿ ಸ್ಪ್ರಿಂಗ್ ಪಾಟಾ ಮುರಿತದ," "ಇಲ್ಲಿ ಎರಡನೇ ಗೇರು," "ಇಲ್ಲಿ ಈಜು." ಲಾಡ್ಜ್ ಬೇಡ, ಟೆಂಟೇ ಬೇಕು ಎಂದು ಹಟ ಹಿಡಿದವರೂ ನೀವೇ. ಐವತ್ತೆಂಟು ವಯಸ್ಸಿಗೆ ಯಾರಿಗಾದರೂ ಇರುತ್ತದೆಯೇ ಇಂಥ ಹಟ?

ತಯಾರಿಯನ್ನಂತೂ ಊರೇ ನೋಡಿತು. ಭಾನುವಾರ ಮುಂಜಾನೆ ಕೋಟೆಯ ಮೆಟ್ಟಿಲು ಹತ್ತಿ ಇಳಿಯುವುದು, ಮೂರು ಸುತ್ತು. ಕೊಹಿನೂರು ಹಳ್ಳಿಯ ನನ್ನ ಮಾವನ ಬಾವಿಯಲ್ಲಿ ನಿಮಗೆ ಈಜು ಕಲಿಸಲು ಹೋದರೆ ನೀವು ಲಾರಿಯ ಟ್ಯೂಬು ಹೊಟ್ಟೆಗೆ ಸಿಗಿಸಿಕೊಂಡು, "ನಕ್ಕೋ ಶಿವ್ಯಾ, ಬ್ಯಾಡೋ, ಕೈ ಬಿಡಬ್ಯಾಡ!" ಎಂದು ಬಾವಿ ಬಿರಿಯುವಂತೆ ಕೂಗಿದಿರಿ. ಕಡೆಕಡೆಗೆ ಕೋಟೆಯ ಎರಡನೇ ಸುತ್ತಿಗೇ ನೀವು ಕಲ್ಲಿನ ಮೇಲೆ ಕೂತುಬಿಡುತ್ತಿದ್ದಿರಿ. ಬೆವರು ಒರೆಸುತ್ತ ಎಡಗೈ ತಿಕ್ಕಿಕೊಳ್ಳುತ್ತಿದ್ದಿರಿ. ನಾನು, "ಏನ್ರಿ, ರೇಡಿಯೇಟರ್ ಕುದೀತೇನು?" ಎಂದು ಅಣಕಿಸುತ್ತಿದ್ದೆ. ಯಾವ ಲಾರಿ ಯಾವಾಗ ಕೈಕೊಡುತ್ತದೆ ಎಂದು ಸದ್ದಿನಲ್ಲೇ ಹೇಳುವವನಂತೆ ನಾನು, ನಿಮ್ಮ ಶಿಷ್ಯ.

ನಾಲ್ಕು ಬೇಸಿಗೆ ಹೀಗೇ ಹೋದವು. ಪ್ರತಿ ಸಲ ಹೊರಡುವ ವಾರ ಬಂತೆಂದರೆ ನಿಮ್ಮದೊಂದು ನೆಪ. ಒಮ್ಮೆ ಅರ್ಜೆಂಟ್ ಗಾಡಿ, ಒಮ್ಮೆ ಯಾರದೋ ನಿಖಾ. ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಆ ಎದೆನೋವಿನ ಕಥೆ. ಹಿಂದೆ ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ್ದಿರಿ, ಹೊಟ್ಟೆಯ ವಾಯು ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಮೂರು ವರ್ಷ ಅದನ್ನೇ ತಿರುಗಿಸಿ ಮುರುಗಿಸಿ ಹೇಳಿದಿರಿ. "ಪರ್ಸೋಂ ಎದಿ ಹಿಡದಿತ್ತಲ್ಲಪಾ, ಹ್ಯಾಂಗ ಬರಲಿ?" ಕೇಳಿ ಕೇಳಿ ನನಗೆ ಅದರ ಅಕ್ಷರ ಅಕ್ಷರವೂ ಬಾಯಿಗೆ ಬರುತ್ತಿತ್ತು.

ಹೋದ ವರ್ಷ ಶನಿವಾರ ಹೊರಡುವುದೆಂದು ಗಟ್ಟಿಯಾಗಿತ್ತು. ಬುಧವಾರ ಮಧ್ಯಾಹ್ನ ನಾನು ಹುಮನಾಬಾದಿನಲ್ಲಿ ಜೀಪಿನ ಹೊದಿಕೆ ಹೊಲಿಸುತ್ತ ಕೂತಿದ್ದೆ. ನಿಮ್ಮ ಫೋನ್ ಬಂತು. "ಶಿವ್ಯಾ, ಪರ್ಸೋಂ ಎದಿ ಭಾಳ ಒತ್ತಿ ಬಂದಿತ್ತಪಾ. ಡಾಕ್ಟರ್ ಬಲ್ಲಿ ಹೋಗಿದ್ದೆ..." ನಿಮ್ಮನ್ನು ಮಾತು ಮುಗಿಸಲು ಬಿಟ್ಟೆನೇ ನಾನು? "ಕುಣೀಲಾರದಾಕಿ ನೆಲ ಡೊಂಕ ಅಂದಂಗಾತು ನಿಮ್ಮ ಕಥಿ! ಮೂರು ವರ್ಷದಿಂದ ಅದೇ ಪರ್ಸೋಂ ಕೇಳಾಕತ್ತೇನಿ. ಬರೋದಿದ್ರ ಬರ್ರಿ, ಇಲ್ಲಂದ್ರ ನಾ ಒಬ್ಬನೇ ಹೋಗ್ತೀನಿ," ಎಂದು ಗದರಿದೆ. ನೀವು ನಕ್ಕಿರಿ. "ಬರ್ತೀನಪಾ, ಬರ್ತೀನಿ. ಸಿಟ್ಟಾಗಬ್ಯಾಡ," ಅಂದಿರಿ. ಗುರುವಾರ ದಿನವಿಡೀ ಇಬ್ಬರೂ ಜೀಪಿಗೆ ಸಾಮಾನು ಹೇರಿದೆವು. ಎದೆಯ ಸುದ್ದಿ ನೀವೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಜುಮ್ಮಾ ನಮಾಜಿಗೆ ಮೊದಲು ನೀವು ಜೀಪಿನ ಮುಂದಿನ ಗಾಲಿಗೆ ಒರಗಿ ಕೂತಿದ್ದಿರಿ. ಕೈಯಲ್ಲಿ ಪಾನಾ ಇತ್ತು. ಕೂತು ದಣಿವಾರಿಸಿಕೊಳ್ಳುತ್ತಿದ್ದೀರಿ ಎಂದುಕೊಂಡು ನಾನು ಎರಡು ಸಲ ನಿಮ್ಮ ಮುಂದಿನಿಂದಲೇ ಹಾದುಹೋದೆ. ಎರಡು ಸಲ, ಉಸ್ತಾದ್. ನಿಮ್ಮ ಜೇಬಿನಲ್ಲಿ ಹುಮನಾಬಾದಿನ ಡಾಕ್ಟರ ಚೀಟಿ ಸಿಕ್ಕಿತು. ನಮ್ಮ ಬಸವಕಲ್ಯಾಣದಲ್ಲಿ ಯಾರಾದರೂ ನೋಡಿಯಾರೆಂದು ಒಬ್ಬರೇ ಬಸ್ಸು ಹತ್ತಿ ಹೋಗಿ ತೋರಿಸಿಕೊಂಡಿದ್ದಿರಿ. ತಡಮಾಡದೆ ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಆತ ಬರೆದುಕೊಟ್ಟಿದ್ದ. ಚೀಟಿಯ ಮೇಲೆ ಸೋಮವಾರದ ತಾರೀಖಿತ್ತು. ಬುಧವಾರಕ್ಕೆ ಸೋಮವಾರ ಏನಾಗುತ್ತದೆ? ಪರ್ಸೋಂ. ಜನ್ಮದಲ್ಲಿ ಒಮ್ಮೆ ನೀವು ಆ ಪದವನ್ನು ನಂಬರಿನ ಪಾನಾ ಕೊಟ್ಟಂತೆ ಸರಿಯಾಗಿ ಹೇಳಿದ್ದಿರಿ, ಆ ಒಮ್ಮೆಯೇ ನಾನು ಅಂದಾಜಿನ ಮೇಲೆ ಕೇಳಿಸಿಕೊಂಡೆ.

ಮಣ್ಣು ಕೊಟ್ಟು ಬಂದ ಸಂಜೆ ನಿಮ್ಮ ಮನೆಯಾಕೆ, ನಮ್ಮ ಚಾಚಿ, ಒಳಗಿನ ಪರದೆಯ ಹಿಂದೆ ಕೂತಿದ್ದರು. ನಾನು ಹೊಸ್ತಿಲ ಹೊರಗೆ. "ಶಿವರಾಜಾ, ಡಾಕ್ಟರ್ ಬಲ್ಲಿ ಹೋಗಿದ್ದು ಯಾರಿಗೂ ಹೇಳಿಲ್ಲಂತ ಮಂದಿ ಅನ್ನಾಕತ್ತಾರ. ನಿನಗಾರ ಹೇಳಿದ್ರೇನಪಾ?" ಎಂದು ಕೇಳಿದರು. ಸುತ್ತ ನಿಮ್ಮ ತಮ್ಮಂದಿರಿದ್ದರು, ಓಣಿಯ ಹಿರಿಯರಿದ್ದರು. ನನ್ನ ಬಾಯಿ ತಾನೇ ತೆರೆದು, "ಇಲ್ಲ ಚಾಚಿ, ನನಗೂ ಹೇಳಿಲ್ಲ," ಅಂದಿತು. ಗಂಡ ತೀರಿದವರು ಮನೆಯೊಳಗೇ ಕಳೆಯಬೇಕಾದ ಚಾಚಿಯ ಇದ್ದತ್ ದಿನಗಳು ಮುಗಿದ ಮೇಲೂ ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ. ಸಾಮಾನು ಕಳಿಸಬೇಕಾದರೆ ಯಾರ ಕೈಯಲ್ಲೋ ಕಳಿಸಿದೆ. ಹಬ್ಬದ ಶೀರ್‌ಖುರ್ಮಾ ಡಬ್ಬಿಯಲ್ಲಿ ಬಂದರೆ ನನ್ನ ಹೆಂಡತಿ ಮಹಾದೇವಿ ಮತ್ತು ಮಕ್ಕಳು ಉಂಡರು, ನಾನು ಮುಟ್ಟಲಿಲ್ಲ. "ಉಸ್ತಾದ್ ಹ್ಯಾಂಗ ಮುಚ್ಚಿಟ್ರು ನೋಡ್ರಿ," ಎಂದು ಗಿರಾಕಿಗಳು ಲೊಚಗುಟ್ಟಿದಾಗಲೆಲ್ಲ ನಾನೂ ತಲೆ ಆಡಿಸಿದೆ. ಛೀ!

ನಿಮ್ಮ ಮೇಲೆ ಸಿಟ್ಟು ಯಾಕೆ ಎಂದು ಕೇಳುತ್ತೀರಾ? "ಸೋಮವಾರ" ಅನ್ನಲು ಏನು ಧಾಡಿಯಾಗಿತ್ತು ನಿಮಗೆ? ನಾಲ್ಕು ಅಕ್ಷರ. ನಾನು ಗದರಿದರೆ ನೀವು ತಿರುಗಿ ಗದರಬೇಕಿತ್ತು. ಹದಿನೇಳಕ್ಕೆ ಹತ್ತೊಂಬತ್ತು ಕೊಟ್ಟವನನ್ನು ಬೈದಿರಲ್ಲ, ಆ ಬಾಯಿ ಎಲ್ಲಿ ಹೋಗಿತ್ತು? ಶಿಷ್ಯನ ಸಿಟ್ಟಿಗೆ ಹೆದರಿ ಯಾರಾದರೂ...

ಕಳೆದ ಭಾನುವಾರ ಚಾಚಿ ಹೇಳಿ ಕಳಿಸಿದರು, ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತ ಜೀಪನ್ನು ಎಬ್ಬಿಸಿಕೊಂಡು ಹೋಗು ಎಂದು. ಹೋದೆ. ಚಾಚಿ ಬೇವಿನ ನೆರಳಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ, ಬಾ ಅನ್ನಲಿಲ್ಲ. ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದವನಿಗೆ ನೀವೇ ಕಲಿಸಿದ ಗಂಟು ಬಿಚ್ಚಲಾಗಲಿಲ್ಲ. ಬಂದು ಅವರೆದುರು ನೆಲದ ಮೇಲೆ ಕೂತುಬಿಟ್ಟೆ. "ಚಾಚಿ, ಅವತ್ತು ಸುಳ್ಳು ಹೇಳಿದೆ. ಬುಧವಾರ ಮಧ್ಯಾಹ್ನ ನನಗ ಫೋನ್ ಮಾಡಿದ್ರು. ಪರ್ಸೋಂ ಎದಿ ಒತ್ತಿತ್ತು ಅಂದ್ರು. ನಾ ಹಳೀ ಕಥಿ ಅಂತ ತಿಳಿದು ಬೈದೆ," ಅಂದೆ.

ಕುಟ್ಟುವ ಕಲ್ಲು ನಿಂತಿತು. ಬೈಯುತ್ತಾರೆ, ಆ ಕಲ್ಲನ್ನೇ ಎಸೆದರೂ ಎಸೆಯಲಿ ಎಂದು ಕಾದೆ. ಚಾಚಿ ನನ್ನ ಮುಖ ನೋಡದೆ ಕೇಳಿದರು: "ಊಟ ಆದ ಮ್ಯಾಲೆ ಏನು, ಫೋನ್ ಮಾಡಿದ್ದು?"

"ಹೌದ್ರಿ. ಮೂರರ ಸುಮಾರಿಗೆ."

"ಊಟಕ್ಕ ಕುಂತಾಗ ಮೊದಲು ನನಗ ಹೇಳಿದ್ರು. ಇದೇ ಮಾತು. ಪರ್ಸೋಂ ಎದಿ ಒತ್ತಿತ್ತು ಅಂದ್ರು. ನಾನೂ, ಆ ಹಳೀ ಪುರಾಣ ಬಿಡ್ರಿ, ಸಾರು ಆರಾಕತ್ತದ ಅಂದೆ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅದಕ್ಕ ನಿನಗ ಕೇಳಿದ್ದೆ ಅವತ್ತು. ನೀ ಹೂಂ ಅಂತೀಯೇನೋ, ನನ್ನಂಗ ಇನ್ನೊಬ್ರು ಇದ್ದಾರೇನೋ ಅಂತ. ನೀ ಇಲ್ಲ ಅಂದಿ. ಆ ಮಾತು ನಾ ಒಬ್ಬಾಕಿನೇ ಕೇಳೀನಿ, ನಾ ಒಬ್ಬಾಕಿನೇ ಅವರ್ನ ಕೊಂದೀನಿ ಅಂತ ಒಂದ್ ವರ್ಷ ಕುಂತೀನೋ ಇಲ್ಲಿ. ಒಬ್ಬಾಕಿನೇ."

ಕೇಳಿದಿರಾ ಉಸ್ತಾದ್? ನೀವು ಮೊದಲು ಹೆಂಡತಿಗೆ ಹೇಳಿದಿರಿ, ಅವರು ಕೇಳಲಿಲ್ಲ. ಆಮೇಲೆ ನನಗೆ ಹೇಳಿದಿರಿ, ನಾನು ಕೇಳಲಿಲ್ಲ. ಮೂರನೆಯವರು ನಿಮಗೆ ಇರಲಿಲ್ಲ. ನಿಮ್ಮ ಕೈ ಬಿಟ್ಟದ್ದು ಸಾಲದೆಂದು ಆ ಹೆಂಗಸಿನ ತಲೆಗೂ ಒಂದು ವರ್ಷ ಕೊಲೆಯ ಪಾಪ ಕಟ್ಟಿದೆ ನಾನು, ಒಂದು "ಇಲ್ಲ" ಅಂದು. ಪರ್ಸೋಂ ಅನ್ನುವುದಕ್ಕೆ ನೂರು ಅರ್ಥವಿದ್ದಾವು, ಆ "ಇಲ್ಲ" ಅನ್ನುವುದಕ್ಕೆ ಒಂದೇ ಇತ್ತು.

ಜೀಪು ಸ್ಟಾರ್ಟ್ ಮಾಡಿದೆ. ವರ್ಷ ನಿಂತಿದ್ದರೂ ಹೊಸ ಬ್ಯಾಟರಿ ಹಾಕಿದೊಡನೆ ಎದ್ದಿತು, ನಿಮ್ಮ ಕೈಗುಣ. ಹೊರಡುವಾಗ ಚಾಚಿ ಅಡ್ಡ ಬಂದು ನಿಂತರು. "ಲಾರಿ ಬಾಗಿಲ ಮ್ಯಾಲೆ ಅವರು ಬರೆದ ದಾರಿ ಇನ್ನೂ ಅದ ಏನು?" ಕೇಳಿದರು. ಅದ ಚಾಚಿ, ಅಂದೆ. "ಹಂಗಾರ ನಾ ಬರ್ತೀನಿ. ಮಹಾದೇವಿನೂ ಕರಕೊಂಡು ಬಾ. ನಿನ್ನ ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ ಮತ್ತ. ಜೀಪ್ ಅವರದು, ಮುಂದಿನ ಸೀಟಿನ್ಯಾಗ ಕುಂದ್ರಾಕಿ ನಾನು."

ಇದೇ ನಿಮಗೆ ತಿಳಿಸಬೇಕಾಗಿದ್ದ ಸುದ್ದಿ. ಬ್ರೇಕಿನ ಗ್ಯಾಪನ್ನು ಗೇಜು ಇಟ್ಟು ಅಳೆದಿದ್ದೇನೆ, ಕಣ್ಣಳತೆ ನಂಬಿಲ್ಲ. ಟ್ಯೂಬನ್ನೂ ಇಟ್ಟುಕೊಂಡಿದ್ದೇನೆ. ಕೊಡಚಾದ್ರಿಯನ್ನು ಚಾಚಿ ಹತ್ತುತ್ತಾರೋ ಇಲ್ಲವೋ, ಕುದುರೆಮುಖ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ "ಇಲ್ಲಿ ಈಜು" ಎಂದು ನೀವು ಬರೆದ ಕಡೆ ಜೀಪು ನಿಲ್ಲಿಸುತ್ತೇನೆ. ಅಲ್ಲಿಯ ತನಕ ಚಾಚಿ ನನ್ನ ಜೊತೆ ಮಾತಾಡದಿದ್ದರೂ ಸರಿ.

ಯಾವಾಗ ಹೊರಡೋದು ಎಂದು ಅವರು ಕೇಳಿದ್ದು ಗುರುವಾರ. "ಪರ್..." ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಚಾಚಿ ಕಣ್ಣು ಕೆಂಪಗೆ ಮಾಡಿ ನೋಡಿದರು.

"ಶನಿವಾರ ಚಾಚಿ," ಅಂದೆ. "ಈ ಶನಿವಾರ. ಮುಂಜಾನೆ ಆರಕ್ಕ."

"ಇನ್ನೊಮ್ಮೆ ಹೇಳು," ಅಂದರು.

ಇನ್ನೊಮ್ಮೆ ಹೇಳಿದೆ.

ಈಗ ಸಲಾಂ, ಉಸ್ತಾದ್.

ನಿಮ್ಮ,
ಶಿವರಾಜ