ಬಂದರಿನ ಮುದುಕನ ಎರಡನೇ ಮಾತು

ಪ್ರೀತಿಯ ಇಸಾಮು,

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಟೋಕಿಯೊದ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಚಿತ್ರ ಬರೆಯಬೇಡ, ತಲೆ ಸುತ್ತುತ್ತದೆ.

ನಿನ್ನ ಮಾಂಗಾ ಚಿತ್ರಕಥೆ ಹೇಗಿದೆ, ನಿಜ ಹೇಳು ಅಂದಿದ್ದೆಯಲ್ಲ. ಕಷ್ಟದ ಅಕ್ಷರಗಳ ಪಕ್ಕ ಅದನ್ನು ಹೇಗೆ ಓದಬೇಕೆಂದು ಸಣ್ಣಕ್ಷರದಲ್ಲಿ ಹಾಕಿರುವುದರಿಂದ, ಅರ್ಧಕ್ಕೇ ಶಾಲೆ ಬಿಟ್ಟ ನಾನೂ ನೀನು ಕಳಿಸಿದ ಮೂರೂ ಪುಸ್ತಕ ಓದಿದೆ. ನಿನ್ನ ಕಥೆಯಲ್ಲಿ ತಲೆಗೆ ಯಂತ್ರ ಹಾಕಿಕೊಂಡು ಜನ ಕಂಪ್ಯೂಟರ್ ಆಟದೊಳಗೇ ಹೊಕ್ಕುಬಿಡುತ್ತಾರಲ್ಲ, ಹೊರಗೆ ಬರಲಾಗದಿದ್ದರೆ ಗತಿಯೇನು ಎಂದು ಮೊದಲು ಹೆದರಿದೆ. ಆಮೇಲೆ ಆ ಆಟದೊಳಗಿನ ಸಮುದ್ರದ ಪುಟಗಳನ್ನೇ ಮತ್ತೆ ಮತ್ತೆ ತಿರುವಿ ನೋಡಿದೆ. ಬರೀ ಕಪ್ಪು ಶಾಯಿಯಲ್ಲಿ ಅಷ್ಟು ನೀರು ಎಲ್ಲಿಂದ ತಂದೆಯೋ ಮಗನೇ!

ಅಲ್ಲಿಯ ಬಂದರಿನಲ್ಲಿ ಬಲೆ ಹೊಲಿಯುವ ಮುದುಕ ಆಟಗಾರನಲ್ಲ, ಆಟ ಕಟ್ಟಿದವರು ಕೂರಿಸಿದ ಬೊಂಬೆ. ಯಾರು ಏನು ಕೇಳಿದರೂ, "ಗಾಳಿ ಬರ್ತದೆ, ಹೋಗು" ಅನ್ನುತ್ತಾನೆ. ಥೇಟ್ ನಿಮ್ಮಪ್ಪನೇ! ನೀನು ಮನೆ ಬಿಟ್ಟ ದಿನವೂ ಅಷ್ಟೇ ಅಂದಿದ್ದರು, ಆಮೇಲೆ ನಿನ್ನ ಹೆಸರೆತ್ತಲಿಲ್ಲ. ಆದರೆ ದಣಿದ ಹುಡುಗಿಯೊಬ್ಬಳು ಏನೂ ಕೇಳದೆ ಪಕ್ಕದಲ್ಲಿ ಕೂತಾಗ, ಆ ಮುದುಕ ಎರಡನೇ ಮಾತು ಆಡುತ್ತಾನೆ. ಆ ಪುಟವನ್ನು ಎರಡು ಸಲ ಓದಿದೆ. ಇಷ್ಟು ವರ್ಷ ನಿಮ್ಮಪ್ಪನ ಜೊತೆ ಬಾಳಿ ನಾನು ಕಲಿತದ್ದು ನಿನಗೆ ಹೇಗೆ ಗೊತ್ತಾಯಿತು?

ಮೂರನೇ ಪುಸ್ತಕ ಕಾಣೆಯಾಗಿತ್ತು. ನಿಮ್ಮಪ್ಪ ಬಲೆ ಹೊಲಿಯುವ ಶೆಡ್ಡಿನಲ್ಲಿ ಸಿಕ್ಕಿತು, ಅದೇ ಪುಟದಲ್ಲಿ ಗುರುತಿಗೆ ಬಲೆಯ ನೂಲು ಇಟ್ಟಿದ್ದರು. ಬೈಯುತ್ತಾರೇನೋ ಎಂದು ಸುಮ್ಮನೆ ಅವರ ಪಕ್ಕದಲ್ಲಿ ಕೂತೆ. ಬಲೆಯ ಒಂದು ಹರಕು ಹೊಲಿದು ಮುಗಿಸಿ, "ಲೇ, ಇಸಾಮು ಮುಂದಿನದು ಯಾವಾಗ ಕಳಿಸ್ತಾನಂತೆ?" ಅಂದರು.

ಓಬೊನ್ ಹಬ್ಬಕ್ಕೆ, ಹಿರಿಯರಿಗೆ ದೀಪ ಹಚ್ಚುವ ಹೊತ್ತಿಗೆ, ಬಾ. ಕ್ಷಮೆ ಗಿಮೆ ಕೇಳಬೇಡ, ಕೆಲಸ ಕೆಡುತ್ತದೆ. ಶೆಡ್ಡಿನಲ್ಲಿ ಅವರ ಪಕ್ಕ ಇನ್ನೊಂದು ಮಣೆ ಹಾಕಿಟ್ಟಿದ್ದೇನೆ. ಅವರು ಅದನ್ನು ತೆಗೆದಿಲ್ಲ.

ನಿನ್ನದೇ ಯೋಚನೆಯಲ್ಲಿರುವ,
ಅಮ್ಮ