ದೊಡ್ಡ ಹೋಳು ನೀಲಿ ಚೀಲಕ್ಕೆ

ಮೇಲಿನ ಮನೆಯವಳೇ,

ನೀವು ಖಾಲಿ ಮಾಡಿದ ಮನೆಗೆ ಬೇರೆಯವರು ಬಂದಿದ್ದಾರೆ. ನಿನ್ನ ಹೊಸ ವಿಳಾಸ ನನ್ನಲ್ಲಿಲ್ಲ, ಕೇಳುವ ಮುಖವೂ ಇಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಭಾನುವಾರ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ವಾರದ ಅಡುಗೆಯ ಪಟ್ಟಿ ಬರೆಯುತ್ತಿದ್ದೆವಲ್ಲ. ಎರಡು ಮನೆಗೂ ಒಂದೇ ಪಟ್ಟಿ, ಇಡೀ ಕಾಯಿ ಕೊಂಡರೆ ಅಗ್ಗ ಅಂತ. ನೀನೇ ಹೋಗಿ ತಂದು ನನ್ನ ನೀಲಿ ಚೀಲವನ್ನು ಬಾಗಿಲಲ್ಲಿಟ್ಟು, ನಿನ್ನ ಹಸಿರು ಚೀಲ ಹಿಡಿದು ಮೇಲೆ ಹತ್ತುತ್ತಿದ್ದೆ. ನಿನ್ನ ಚೀಲದೊಳಗೆ ಒಮ್ಮೆಯೂ ಇಣುಕದೆ, ಅದೇ ಮೆಟ್ಟಿಲ ಮೇಲೆ ನಿಂತು, ಪಾಲಿನಲ್ಲಿ ಮೋಸ ಮಾಡುತ್ತೀಯ ಎಂದು ನಾನು ಕೂಗಾಡಿದ ದಿನ ನೀನು ಕೈಯಲ್ಲಿದ್ದ ಖಾಲಿ ಹಸಿರು ಚೀಲವನ್ನು ಅಲ್ಲೇ ಬಿಟ್ಟು ಮೇಲೆ ಹತ್ತಿ ಹೋದೆ. ಅದು ನಮ್ಮಲ್ಲೇ ಉಳಿಯಿತು.

ಇವತ್ತು ಎರಡೂ ಚೀಲ ತೆಗೆದುಕೊಂಡು ಹೋಗಿ ಒಂದು ಇಡೀ ಕುಂಬಳಕಾಯಿ ಕೊಂಡೆ. ತರಕಾರಿಯವನು ಚೀಲಗಳನ್ನು ನೋಡಿದವನೇ ಕಾಯಿಯನ್ನು ಎರಡು ಹೋಳು ಮಾಡಿದ. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ನೀಲಿ ಚೀಲಕ್ಕೆ ಹಾಕಿದ.

"ಅದ್ಯಾಕೆ ಹಾಗೆ?" ಎಂದೆ.

"ಯಾವಾಗ್ಲೂ ಹಾಗೇ ಅಲ್ವಾ ಅಕ್ಕಾ. ಕೆಳಗಿನ ಮನೇಲಿ ಮಕ್ಕಳು ಜಾಸ್ತಿ, ನೀಲಿ ಚೀಲಕ್ಕೆ ದೊಡ್ಡದು ಹಾಕು ಅಂತ ಈ ಚೀಲ ತರ್ತಿದ್ದೋರು ಮೊದಲೇ ಹೇಳಿಟ್ಟಿದ್ರು. ಈಗ್ಯಾಕೆ ಬರ್ತಿಲ್ಲ ಅವರು?"

"ಊರಿಗೆ ಹೋಗಿದಾರೆ," ಎಂದೆ.

ಪಟ್ಟಿಯಲ್ಲಿ ಮಂಗಳವಾರ ಕುಂಬಳಕಾಯಿ ಅಂತಿತ್ತು. ಮನೆಗೆ ಬಂದು ಬುಧವಾರಕ್ಕೂ ಅದನ್ನೇ ಬರೆದೆ.

ದಾರಿಯುದ್ದಕ್ಕೂ ಒಂದೊಂದು ಕೈಯಲ್ಲಿ ಒಂದೊಂದು ಚೀಲವಿತ್ತು. ನಿನ್ನದು ತುಂಬ ಹಗುರ.