ನೋವು ನಿಂತ ಕಿವಿ

ನೆಟ್ಟಣದ ಹಟಮಾರಿ ಬೆಳ್ಯಪ್ಪ ಮಾವನಿಗೆ, ನಿಮ್ಮ ಅಕ್ಕನ ಮಗಳು ಹೇಮಶ್ರೀ ಪುತ್ತೂರಿನಿಂದ ಮಾಡುವ ನಮಸ್ಕಾರಗಳು.

ಫೋನನ್ನು ನೀವು ಅಭ್ಯಾಸದಂತೆ ಸೋರುವ ಎಡಗಿವಿಗೇ ಹಿಡಿಯುತ್ತೀರಿ. ಕೇಳಿದ್ದಕ್ಕೂ "ಹೂಂ", ಕೇಳದ್ದಕ್ಕೂ "ಹೂಂ". ಅದಕ್ಕೇ ಬರೆದು, ಇವತ್ತು ಇಲ್ಲಿಗೆ ಬಾಡಿಗೆ ಬಂದ ನಿಮ್ಮ ಸ್ಟ್ಯಾಂಡಿನ ದೇರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಿವಿಗೆ ಬಿಟ್ಟ ಹಾಗೆ ಕಣ್ಣಿಗೆ ನೀವಿನ್ನೂ ಎಣ್ಣೆ ಬಿಟ್ಟುಕೊಂಡಿಲ್ಲವಲ್ಲ.

ಮೊನ್ನೆ ಅತ್ತೆ ನಿಮ್ಮನ್ನು ಊಟಕ್ಕೆ ಕರೆದ ಚಂದ ನೋಡಿದೆ. ಅಂಗಳಕ್ಕೆ ಇಳಿದು, ಜೀಪಿನ ಬಾಗಿಲು ತೆಗೆದು, ಹಾರ್ನ್ ಒತ್ತಿದರು. "ಇವರನ್ನು ಬಾಯಲ್ಲಿ ಕರೆದು ಪ್ರಯೋಜನ ಇಲ್ಲ ಹೇಮಾ, ಹಾರ್ನೇ ಆಗ್ಬೇಕು," ಅಂದರು. ಎಲ್ಲರೂ ನಕ್ಕೆವು. ನೀವು ತಲೆ ಎತ್ತಿ, ಜೀಪು ಈ ಕಡೆ ಇದ್ದರೆ ಬಾವಿಯ ಕಡೆಗೆ ನೋಡಿದಿರಿ. ಅಲ್ಲಿಗೆ ನನ್ನ ನಗು ನಿಂತಿತು. ರೈಲಿಳಿದ ಜನರನ್ನು ತುಂಬಿಕೊಂಡು ಸುಬ್ರಹ್ಮಣ್ಯಕ್ಕೆ ಹೋಗುವ ಜೀಪು ಅದು, ಮಾವ. ಹಾರ್ನ್ ಯಾವ ಕಡೆಯದ್ದೆಂದು ತಿಳಿಯದವರು ತಿರುವಿನಲ್ಲಿ ಏನು ಮಾಡುತ್ತೀರಿ?

ಮಳೆಗಾಲದಲ್ಲಿ ಶೀತ ಕಿವಿಗೆ ಇಳಿದು ನಿದ್ದೆಯಿಲ್ಲದೆ ನರಳಿದಿರಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿರಿ. ಒಂದು ಬೆಳಿಗ್ಗೆ ದಿಂಬು ಒದ್ದೆಯಾಗಿ ನೋವು ತಟ್ಟನೆ ನಿಂತಿತು. ಅಂದಿನಿಂದ ಜೀಪಿನ ಸ್ಟ್ಯಾಂಡಿಗೆಲ್ಲ ನೀವೇ ವೈದ್ಯರು. ದೀಪಾವಳಿ ಕಳೆದರೂ ಕಿವಿ ಸೋರುತ್ತಿದೆ, ಹತ್ತಿರ ಕೂತರೆ ವಾಸನೆ. ಕೇಳಿದರೆ, "ಸೋರುದು ಒಳ್ಳೇದು ಮಾರಾಯ್ತಿ, ಕೆಟ್ಟದ್ದು ಹೊರಗೆ ಹೋಗ್ತಾ ಉಂಟು." ತುರಿಸಿದರೆ ಜೀಪಿನ ಕೀ. ಜೀಪಿಗೂ ಅದೇ, ಕಿವಿಗೂ ಅದೇ.

ಇವತ್ತು ಇಲ್ಲಿಯ ಕಿವಿ ಡಾಕ್ಟರಲ್ಲಿ ವಿಚಾರಿಸಿದೆ. ನೋವು ನಿಂತದ್ದು ಎಣ್ಣೆಯಿಂದ ಅಲ್ಲವಂತೆ. ಒಳಗೆ ಕೀವು ತುಂಬಿ ಕಿವಿಯ ತಮಟೆ ತೂತಾದದ್ದು. ಕೀವಿಗೆ ದಾರಿ ಸಿಕ್ಕಿತು, ಒತ್ತಡ ಇಳಿಯಿತು, ನಿಮಗೆ ಹಾಯೆನಿಸಿತು. ಆದರೆ ಸೋಂಕು ಒಳಗೇ ಇದೆ. ಬಿಟ್ಟರೆ ಕಿವಿಯ ಹಿಂದಿನ ಎಲುಬನ್ನು ತಿನ್ನಬಹುದು, ಬಾಯಿ ಸೊಟ್ಟ ಮಾಡಬಹುದು, ಮಿದುಳಿಗೂ ಏರಬಹುದು.

ನೀವೇ ಹೇಳುತ್ತಿದ್ದ ಅಜ್ಜಿಯ ಕಥೆ ಮರೆತಿರೇ? ಮರದ ಪೆಟ್ಟಿಗೆಯೊಳಗೆ ಕರಕರ ಸದ್ದು. ಅಜ್ಜಿ ಪೆಟ್ಟಿಗೆ ತೆರೆಯದೆ, ಸದ್ದು ಯಾವಾಗ ನಿಲ್ಲುತ್ತದೆಂದು ಕಾದಳು. ಒಂದು ದಿನ ನಿಂತಿತು. ಖುಷಿಯಿಂದ ತೆರೆದಳು. ಇಲಿಗೆ ತಿನ್ನಲು ಒಳಗೆ ಸೀರೆಯೇ ಉಳಿದಿರಲಿಲ್ಲ. "ಎಂತಹ ಬೋದಾಳ ಅಜ್ಜಿ" ಎಂದು ನಮ್ಮನ್ನು ನಗಿಸಿದವರು ನೀವು.

ಮೊನ್ನೆ ನೀವು ಜೀಪಿನ ಬಾಗಿಲು ಹಿಡಿದು ಕಣ್ಣು ಮುಚ್ಚಿ ನಿಂತದ್ದನ್ನು ಕಂಡೆ. "ಗ್ಯಾಸ್ಟ್ರಿಕ್," ಅಂದಿರಿ. ಅದನ್ನು ನಾನು ಹೇಳಿದಾಗ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ತಲೆ ತಿರುಗ್ತದಾ? ಹಾಗಾದ್ರೆ ನಾಳೆಯೇ ಕರ್ಕೊಂಡು ಬನ್ನಿ. ಜೀಪು ಅವರು ಬಿಡುದು ಬೇಡ."

ನಾಳೆ ಬೆಳಗ್ಗಿನ ರೈಲಿಗೆ ಬರುತ್ತೇನೆ. ರಾತ್ರಿ ಜ್ವರ ಬಂದರೆ, ತಲೆನೋವು ಜಾಸ್ತಿಯಾದರೆ, ಕಿವಿಯ ಹಿಂದೆ ಊದಿದರೆ ನನ್ನನ್ನು ಕಾಯಬೇಡಿ, ಅತ್ತೆಯ ಜೊತೆ ದೇರಣ್ಣನ ಜೀಪು ಹತ್ತಿ ಆಗಲೇ ಆಸ್ಪತ್ರೆಗೆ ಹೊರಡಿ. ಬಾಡಿಗೆ ಎಂದರೆ ನೀವು ಉಣ್ಣುವ ಬಟ್ಟಲು ಬಿಟ್ಟು ಏಳುವವರು. ಇದೂ ಬಾಡಿಗೆಯೇ, ಪುತ್ತೂರಿಗೆ. ಆದರೆ ಓಡಿಸುವವಳು ನಾನು, ಕಲಿಸಿದವರು ನೀವೇ. ಕೀ ನನ್ನ ಕೈಗೆ ಕೊಡಿ, ಕಿವಿಯಿಂದ ತೆಗೆದು, ಒರೆಸಿ.

ನೀವು ಎಡಗಡೆಯ ಸೀಟಿನಲ್ಲಿ ಕೂತರೆ ಒಳ್ಳೆಯ ಕಿವಿ ನನ್ನ ಕಡೆಗೇ ಇರುತ್ತದೆ. ಪುತ್ತೂರಿನವರೆಗೆ ಬೈಯಲು ಅನುಕೂಲ.

ದೇವರು ಆ ಕಿವಿಯನ್ನಾದರೂ ನಿಮ್ಮ ಕೈಯಿಂದ ಕಾಪಾಡಲಿ.

ನಿಮ್ಮ ಕಥೆಗಳನ್ನು ಇನ್ನೂ ಕೇಳಬೇಕೆಂದಿರುವ,
ಹೇಮ